ಅರ್ಕಾವತ್ತು

ಟೀವಿಯಲ್ಲಿ ಕೋಟು ತೊಟ್ಟವರು ಜಗಳಾಡುತ್ತಿದ್ದರು,
ದೇಶದ ಚೇತರಿಕೆ ಯಾವ ಅಕ್ಷರದ ಹಾಗಿರುತ್ತದೆ ಅಂತ.
ಒಬ್ಬರು ವಿ ಅಂದರು, ಬಿದ್ದಲ್ಲೇ ಎದ್ದ ಚೆಂಡು.
ಇನ್ನೊಬ್ಬರು ಕೆ, ಒಂದು ಕಾಲು ಆಕಾಶಕ್ಕೆ, ಒಂದು ಚರಂಡಿಗೆ.
ನಾನು ಕಾಮಾಕ್ಷಿಪಾಳ್ಯದ ಶಾಖೆಯಲ್ಲಿ ಸಾಲದ ಗುಮಾಸ್ತ,
ಮೂಗಿಗೆ ಮಾಸ್ಕು, ಮಾಸ್ಕಿನ ಉಸಿರಿಗೆ ಮಂಜು ಹಿಡಿದ ಕನ್ನಡಕ.
ನಮ್ಮ ವರ್ಣಮಾಲೆಯಲ್ಲಿ ಒಂದಾದರೂ ಹೊಂದಬಾರದೇ
ಎಂದು ಊಟದ ಹೊತ್ತಿನಲ್ಲಿ ಸುಮ್ಮನೆ ಹುಡುಕುತ್ತಿದ್ದೆ.

ವೀರಭದ್ರಾಚಾರಿ ಒಳಗೆ ಬಂದರು.
ಎರಡು ಲೇತು, ಒಂದು ಡ್ರಿಲ್ಲಿಂಗ್ ಮಷೀನು, ತಗಡಿನ ಶೆಡ್ಡು.
ಬೀಗ ಬಿದ್ದ ತಿಂಗಳಿಗೂ ಕರೆಂಟಿನವರ ಮಿನಿಮಮ್ ಬಿಲ್ಲು.
“ನಿದ್ದೆಗೂ ಬಾಡಿಗೆ ಸಾರ್” ಅಂದು ನಕ್ಕರು.
ಉಗುರ ಸಂದಿಯ ಗ್ರೀಸು ಅಷ್ಟು ದಿನಕ್ಕೆ ತೊಳೆದುಹೋಗಿತ್ತು.
ಅಷ್ಟು ಸ್ವಚ್ಛ ಕೈ ನೋಡಿ ನನಗೆ ಹೆದರಿಕೆಯಾಯಿತು.

ಅರ್ಜಿಯಲ್ಲಿ ಒಂದು ಕಲಂ: ಸಾಲದ ಉದ್ದೇಶ.
ಅವರು ಹೇಳಿದ್ದನ್ನು ಹೇಳಿದ ಹಾಗೆ ಬರೆಯಲಾಗಲಿಲ್ಲ.
ಚಕ್ಕಿಗೆ ಹಿಡಿದ ತುಕ್ಕಿಗೆ ಸೀಮೆಣ್ಣೆ,
ಗಂಜಾಮಿನಿಂದ ಬೆಹೆರಾ ವಾಪಸು ಬರಲು ಟಿಕೆಟ್ಟು,
ಬಂದ ಮೇಲೆ ಅವನ ಊಟ,
ಆಮೇಲೆ, ಯಾರಾದರೂ ಕೇಳಿದರೆ, ಪಂಪಿನ ಬುಷ್ಷು.
ನಾನು ಬರೆದೆ: ದುಡಿಯುವ ಬಂಡವಾಳ.

ಬರೆಯುತ್ತ ಬರೆಯುತ್ತ ಕಣ್ಣಿಗೆ ಬಿತ್ತು.
ಅರ್ಜಿ. ಖರ್ಚು. ವರ್ಷ. ಕಾರ್ಖಾನೆ.
ಆರ್ಥಿಕ. ಕಾರ್ಮಿಕ.
ಎಲ್ಲದರ ಪಕ್ಕೆಯಲ್ಲೂ ಆ ಪುಟ್ಟ ಕೊಕ್ಕೆ.
ನಾಲಿಗೆಯ ಮೇಲೆ ಮೊದಲು ಹೊರಳುವವನು,
ಕಾಗದದ ಮೇಲೆ ಆಮೇಲೆ ಬಂದು
ಮತ್ತೊಬ್ಬರ ಬೆನ್ನ ಹಿಂದೆ ನಿಲ್ಲುವವನು.
ಮುಂಚೆ ನುಡಿ, ಹಿಂದೆ ಬರಿ, ಯಾಕೆ ಅಂತ ಕೇಳಬೇಡ,
ಸ್ಲೇಟಿನ ಮೇಲೆ ಕೈ ಹಿಡಿದು ತಿದ್ದಿಸಿದ್ದರು ಮೇಷ್ಟ್ರು.
ಕೇಳಿರಲಿಲ್ಲ, ನಲವತ್ತು ವರ್ಷ.

ಟೀವಿಯವರ ಗ್ರಾಫು ನನಗೆ ಅರ್ಥವಾಗುವುದಿಲ್ಲ.
ನನಗೆ ಗೊತ್ತಿರುವುದು ಅಕ್ಕಯ್ಯಮ್ಮನ ಟೀ ಗಾಡಿಯ ಹಾಲು.
ಮುಂಚೆ ದಿನಕ್ಕೆ ಹದಿನೆಂಟು ಲೀಟರು.
ಆಮೇಲೆ ಸೊನ್ನೆ. ಗಾಡಿಯ ಕೆಳಗೆ ಬೀದಿನಾಯಿ ಮರಿ ಹಾಕಿತು.
ಹತ್ತು ಸಾವಿರದ ಸಾಲ ಕೈಗೆ ಬಂದ ವಾರ ಎರಡು.
ಆಚಾರಿ ಷಟರ್ ಎತ್ತಿ ನಿಂಬೆಹಣ್ಣು ಹಿಂಡಿದ ದಿನ ಎರಡೂವರೆ.
ಬೆಹೆರಾ ಒಂದು ಚೀಲ ಮಂಡಕ್ಕಿಯೊಡನೆ ಇಳಿದ ದಿನ
ಹಾಲು ಅಷ್ಟೇ, ಸಕ್ಕರೆ ಜಾಸ್ತಿ.
ಅಗರಬತ್ತಿ ಶೆಡ್ಡಿಗೆ ಹೆಂಗಸರು ಮರಳಿದಾಗ ಐದು.
ಮೊದಲ ಕಂತು ತಂದಳು, ಹತ್ತರ ನೋಟುಗಳ ಕಟ್ಟು,
ಕೌಂಟರಿನ ತುಂಬ ಶುಂಠಿಯ ವಾಸನೆ.
ಮಷೀನು ಎರಡು ಸಲ ಎಣಿಸಿತು. ನಾನೂ ಒಮ್ಮೆ ಎಣಿಸಿದೆ, ಸುಮ್ಮನೆ.

ಮುಂದಿನ ಏಪ್ರಿಲ್, ಮತ್ತೆ ಸೊನ್ನೆ.
ಗಾಡಿಯ ಕೆಳಗೆ ಅಷ್ಟರಲ್ಲಿ ಮರಿಗಳೆಲ್ಲ ನಾಯಿ.

ಈಗ ಲೇತು ತಿರುಗುತ್ತಿದೆ, ಒಂದು.
ಹಿತ್ತಾಳೆಯ ಸುರುಳಿ ಸುರುಳಿ ಸಿಪ್ಪೆ,
ಯಾರದೋ ಕೂದಲು ಕತ್ತರಿಸಿದಂತೆ ಬೆಹೆರಾನ ಕಾಲ ಬಳಿ.
ಇನ್ನೊಂದರ ಮೇಲೆ ಗೋಣಿತಾಟು.
ಅದು ಮುಜಮ್ಮಿಲ್‌ನದು.
ಆಕ್ಸಿಜನ್ ಸಿಲಿಂಡರಿನ ವಾಲ್ವಿಗೆ ರಾತ್ರಿಯಿಡೀ ಥ್ರೆಡ್ ಹೊಡೆದವನು,
ಅದೇ ಮೇ ತಿಂಗಳಲ್ಲಿ ಸಿಲಿಂಡರಿಗೆ ಕಾದವನು.

ಅಕ್ಕಯ್ಯಮ್ಮನ ಉದ್ರಿ ಪುಸ್ತಕದಲ್ಲಿ
ಅವನ ಹೆಸರಿನ ಮುಂದೆ ಇನ್ನೂರ ಹನ್ನೆರಡು ರೂಪಾಯಿ.
ಬ್ಯಾಂಕಿನ ಚಾಳಿ, ಬಾಯಿ ತಪ್ಪಿ ಅಂದುಬಿಟ್ಟೆ:
ಇದು ಬರೋ ದುಡ್ಡಲ್ಲ, ಹೊಡೆದು ಹಾಕಿಬಿಡಿ.
ಆಯಮ್ಮ ಪುಸ್ತಕ ಮುಚ್ಚಿ, ರಟ್ಟಿನ ಹಾಲನ್ನು ಸೆರಗಲ್ಲಿ ಒರೆಸಿದಳು.
“ಇರ್ಲಿ ಬುಡಿ ಸಾರ್.
ಲೆಕ್ಕ ಇದ್ರೆ ಮನ್ಸ ಇದ್ದಂಗೆ.”

ಇವತ್ತು ಹನ್ನೊಂದು ಲೀಟರು.
ಅದರಲ್ಲಿ ಅರ್ಧ ಲೀಟರು ಒಡೆದುಹೋಯಿತಂತೆ, ಬಿಸಿಲಿಗೆ.